ಗಿನಿಕೋಳಿ ಮನೆಯ ಹುಡುಗಿ, ನವಿಲಿನ ಮನೆಯ ಸೊಸೆ

ನಮ್ಮೂರಿನಲ್ಲಿ ಹಕ್ಕಿ ಸಾಕುವ ಮನೆಗಳು ಎರಡೇ ಬಗೆ. ಮಾತಾಡುವ ಮನೆಯಲ್ಲಿ ಗಿನಿಕೋಳಿ, ಮಾತಾಡದ ಮನೆಯಲ್ಲಿ ನವಿಲು. ಗಿನಿಕೋಳಿ ಮನುಷ್ಯರ ಮಾತು ಕೇಳದೆ ಮರ ಹತ್ತಿ ಮಲಗುವುದಿಲ್ಲ. ಸಂಜೆ ಅಂಗಳದಲ್ಲಿ ಮಾತಿಲ್ಲದೆ ಹೋದರೆ ಎದ್ದು ಪಕ್ಕದ ಮನೆಗೆ ಹೋಗಿಬಿಡುತ್ತದೆ. ನವಿಲಿಗೆ ಮನುಷ್ಯರ ದನಿಯೇ ಆಗದು. ತಾನು ಮಾತ್ರ ಬೆಳಗ್ಗೆ ಎದ್ದು ಊರೆಲ್ಲ ಬೆಚ್ಚಿಬೀಳುವ ಹಾಗೆ ಕೂಗಬಹುದು, ನಾವು ಕೆಮ್ಮಿದರೂ ಅದಕ್ಕೆ ಕೋಪ. ಯಾಕೆ ಹೀಗೆ ಎಂದು ಯಾರೂ ಕೇಳಿದವರಿಲ್ಲ. ಎರಡೆಕರೆ ಜಮೀನು, ನಾಲ್ಕು ಹಕ್ಕಿ ಇಟ್ಟುಕೊಂಡವರಿಗೆ ಬೆಳಗಾದರೆ ಬೇರೆ ಕೆಲಸ ಬೇಕಾದಷ್ಟಿರುತ್ತದೆ.

ನಾನು ದೇವೀರಿ, ಹುಟ್ಟಿದ್ದು ಗಿನಿಕೋಳಿ ಮನೆಯಲ್ಲಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು, ಅವ್ವ ಮಾತು ಕಡಿಮೆಯ ಹೆಂಗಸು. ಹಾಗಾಗಿ ನಮ್ಮ ಮನೆಯ ಸಂಜೆಮಾತು ನನ್ನ ಪಾಲಿಗೆ ಬಂತು. ಹೊತ್ತು ಇಳಿಯುತ್ತಿದ್ದಂತೆ ಅಂಗಳದ ಒರಳಿನ ಮೇಲೆ ಕೂತು, ಮೂವತ್ತು ಹಕ್ಕಿಯೂ ಹುಣಸೆಮರ ಹತ್ತುವ ತನಕ ಮಾತಾಡಬೇಕು. ಬೇರೆ ಮನೆಗಳಲ್ಲಿ ಹೇಳುವುದಕ್ಕೆ ಏನೂ ಸಿಗದೆ ಪಂಚಾಂಗ ಓದುತ್ತಿದ್ದರು, ಮಗ್ಗಿ ಹೇಳುತ್ತಿದ್ದರು. ಮನೆಮಂದಿಯೆಲ್ಲ ಮದುವೆಗೋ ತಿಥಿಗೋ ಹೊರಟರೆ, 'ಇವತ್ತು ಸಂಜೆ ಬಂದು ಒಂಚೂರು ಮಾತಾಡಿಟ್ಟು ಹೋಗಿ' ಎಂದು ಪಕ್ಕದವರಿಗೆ ಹೇಳಿ ಹೋಗುತ್ತಿದ್ದರು. ನನಗೆ ಅಂಥ ಕಷ್ಟವೇ ಇರಲಿಲ್ಲ. ಬೆಳಗ್ಗೆ ಪಲ್ಯಕ್ಕೆ ಉಪ್ಪು ಜಾಸ್ತಿಯಾದದ್ದರಿಂದ ಶುರುಮಾಡಿದರೆ ಹಕ್ಕಿಗಳೆಲ್ಲ ಮರ ಹತ್ತಿ ರೆಕ್ಕೆ ಮಡಚಿಕೊಂಡರೂ ನನ್ನದು ಮಧ್ಯಾಹ್ನದವರೆಗೂ ಬಂದಿರುತ್ತಿರಲಿಲ್ಲ. "ಅವು ಮಲ್ಗಿದ್ವು, ಇನ್ ಬುಡೆ," ಎಂದು ಅವ್ವನೇ ಬಂದು ಎಬ್ಬಿಸಬೇಕಿತ್ತು.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನನಗೆ ಹಲ್ಲುನೋವು ಬಂತು. ಎಡಗಡೆಯ ದವಡೆ ಹಲ್ಲು. ಬಾಯಿ ತೆರೆದರೆ ಕಿವಿಯವರೆಗೂ ಎಳೆದಂತಾಗುತ್ತಿತ್ತು. ಹನ್ನೆರಡು ದಿನ ನನ್ನ ಬಾಯಿಂದ ಗಟ್ಟಿಯಾಗಿ ಒಂದು ಮಾತು ಹೊರಡಲಿಲ್ಲ. ಮೊದಲ ಸಂಜೆ ಹಕ್ಕಿಗಳು ಒರಳಿನ ಸುತ್ತ ನಿಂತು ನನ್ನ ಮುಖ ನೋಡಿದವು. ಎರಡನೆಯ ಸಂಜೆ ಗೋಡೆ ಹಾರಿ ಪಕ್ಕದ ಮನೆಗೆ ಹೋದವು. ಉಳಿದದ್ದು ಒಂದು ಕುಂಟು ಹೇಟೆ. ಮರಿಯಾಗಿದ್ದಾಗ ಕಾಲು ಸೊಟ್ಟಗಾಗಿ ಅದು ತಗ್ಗಿನ ಕೊಂಬೆ ಹತ್ತುತ್ತಿತ್ತೇ ಹೊರತು ಗೋಡೆ ಹಾರಲು ಆಗುತ್ತಿರಲಿಲ್ಲ. ನಾನು ಅದನ್ನು ಕುಂಟಿ ಎಂದೇ ಕರೆಯುತ್ತಿದ್ದೆ.

ಅದೇ ವಾರ ಸೋದರಮಾವ ಜವರಪ್ಪ ನಮ್ಮ ಮನೆಗೆ ಬಂದ. ಊರಿನ ಅರ್ಧ ಮದುವೆಗಳು ಅವನ ಬಾಯಿಯಿಂದಲೇ ಆದವು. ಬಂದವನು ಖಾಲಿ ಹುಣಸೆಮರ ನೋಡಿದ, ಮೂಲೆಯಲ್ಲಿ ಸುಮ್ಮನೆ ಕೂತ ನನ್ನನ್ನು ನೋಡಿದ. ಎಷ್ಟೋ ಹುಡುಗಿಯರು ವಯಸ್ಸಿಗೆ ಬಂದಮೇಲೆ ಮಾತು ಬಿಡುವುದುಂಟು, ಅಂಥವರನ್ನು ನವಿಲಿನ ಮನೆಯವರು ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಹೆಣ್ಣು ಮಾತು ಬಿಟ್ಟಿದ್ದಾಳೋ ಇಲ್ಲವೋ ಎನ್ನುವುದಕ್ಕೆ ನಮ್ಮೂರಿನಲ್ಲಿ ಹಕ್ಕಿ ಹೇಳಿದ್ದೇ ಸಾಕ್ಷಿ.

"ಅಕ್ಕ, ನಿನ್ ಮಗಳು ನವಿಲಿನ ಮನೆ ಸೇರೋಳು ಕಣಕ್ಕ. ಹಕ್ಕಿನೇ ಬುಟ್ಟೋಗವೆ, ಇನ್ನೇನ್ ಬೇಕು?" ಎಂದ ಮಾವ. ಅವ್ವ ಒಲೆಯ ಮುಂದೆ ನನಗೆ ಉಪ್ಪುನೀರು ಕಾಯಿಸುತ್ತಿದ್ದಳು. ಅವಳು ತಿರುಗಿ ನೋಡುವಷ್ಟರಲ್ಲಿ ಮಾವ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಾಗಿತ್ತು.

ಮೂರನೆಯ ದಿನ ಹೆಣ್ಣು ನೋಡಲು ಬಂದರು. ಮರಿಬಸವಯ್ಯ, ಅವರ ಹೆಂಡತಿ ದೊಡ್ಡತಾಯಮ್ಮ, ಮಗ ಚೆಲುವಯ್ಯ. ಹದಿನಾಲ್ಕು ನವಿಲಿದ್ದ ಮನೆ ಅವರದು. ಉದುರಿದ ಗರಿ ಆಯ್ದು ಬೀಸಣಿಗೆ ಕಟ್ಟುವ ಕೆಲಸ ತಾತನ ಕಾಲದಿಂದ ನಡೆದುಬಂದಿತ್ತು. ನಮ್ಮ ಅಂಗಳದಲ್ಲಿ ಮಾತಾಡಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಬಾಯಿಗೆ ಅಭ್ಯಾಸ ತಪ್ಪಿಹೋಗಿತ್ತು. ಮಾವ ಒಬ್ಬನೇ ಮೂರು ಜನರ ಮಾತಾಡಿದ. ಚೆಲುವಯ್ಯನವರು ಯಾರು ಮಾತಾಡಿದರೂ ಅವರ ಕಡೆಗೆ ಪೂರ್ತಿ ತಿರುಗಿ ಕೂರುತ್ತಿದ್ದರು. ನಮ್ಮ ಅವ್ವ 'ಕಾಫಿಗೆ ಬೆಲ್ಲ ಸಾಕಾ' ಎಂದದ್ದನ್ನೂ ಅವರು ಕಥೆ ಕೇಳಿದ ಹಾಗೆ ಕೇಳಿದರು. ಹುಟ್ಟಿದ ಲಾಗಾಯ್ತು ಮಾತಾಡಿದವಳು ನಾನು. ಅಂಥ ಕೇಳುವ ಮುಖ ಮನುಷ್ಯರಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ಹಲ್ಲುನೋವು ಒಂದು ಗಳಿಗೆ ಮರೆತುಹೋಯಿತು.

ನಡುವೆ ನೋವು ತಡೆಯಲಾರದೆ ಹಿತ್ತಲಿಗೆ ಹೋಗಿ ಕುಂಟಿಯ ಪಕ್ಕ ಸ್ವಲ್ಪ ಹೊತ್ತು ಕೂತು ಬಂದೆ. ದೊಡ್ಡತಾಯಮ್ಮ ಕೈ ತೊಳೆಯಲು ಅದೇ ಕಡೆ ಬಂದಿದ್ದರು. ಹೊರಡುವಾಗ ಅವರು ಸೊಂಟದ ಎಲಡಿಕೆ ಚೀಲ ಬಿಚ್ಚಿ, ವೀಳ್ಯದ ತಟ್ಟೆಯಲ್ಲಿ ಎರಡು ಲವಂಗ ಇಟ್ಟು ಹೋದರು. ನವಿಲಿನ ಮನೆಯವರ ಶಾಸ್ತ್ರ ಹೀಗಿರಬೇಕೆಂದು ಅವ್ವ ಅದನ್ನು ದೇವರ ಗೂಡಿನಲ್ಲಿ ಇಟ್ಟಳು. ಮಾರನೆಯ ದಿನ ಒಪ್ಪಿಗೆ ಬಂತು.

ಅದರ ಮಾರನೆಯ ದಿನ ಹಲ್ಲು ಕೀಳಿಸಿದೆವು. ನಾಲ್ಕು ದಿನಕ್ಕೆ ಊತ ಇಳಿಯಿತು, ಐದನೆಯ ಸಂಜೆ ಇಪ್ಪತ್ತೊಂಬತ್ತು ಗಿನಿಕೋಳಿಯೂ ಪಕ್ಕದ ಮನೆಯ ಗೋಡೆ ಹಾರಿ ವಾಪಸು ಬಂದವು. ಹನ್ನೆರಡು ದಿನದ ಮಾತು ಬಾಕಿ ಇತ್ತು, ಅವು ಮರ ಹತ್ತುವ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಅವ್ವ ಹೊಸ್ತಿಲಲ್ಲಿ ಕೂತು ಎಲ್ಲ ನೋಡಿದಳು.

"ಈಗ್ಲೂ ಹೇಳ್ಬುಡಾನ ಕಣೆ. ಹಲ್ ನೋಯ್ತಿತ್ತು, ಅದಕ್ಕೆ ಸುಮ್ಕಿದ್ಲು ಅಂತ," ಎಂದಳು.

"ಬ್ಯಾಡ ಕಣವ್ವ. ನಾನು ಬಾಯಿ ಕಟ್ಕೊಂಡು ಇರ್ತೀನಿ," ಎಂದೆ.

"ನೀನಾ?" ಎಂದಳು ಅವ್ವ. ಅದೊಂದೇ ಮಾತು. ನನಗೆ ಸಿಟ್ಟು ಬಂದದ್ದು ನಿಜ. ಬೇಕಾದವರು ಸಿಕ್ಕಿದ್ದಾಗ ಒಂದು ಬಾಯಿಯನ್ನು ಮುಚ್ಚಿಡಲು ಆಗುವುದಿಲ್ಲವೇ ಎಂದುಕೊಂಡೆ.

ಮದುವೆಯಾಯಿತು. ನವಿಲಿನ ಮನೆಗೆ ಹೋದಮೇಲೆ ನನಗೆ ಮೊದಲು ಕಂಡದ್ದು ಬಾಗಿಲ ಪಕ್ಕ ತೂಗುಹಾಕಿದ್ದ ಸ್ಲೇಟು. ಮಾವ ಮರಿಬಸವಯ್ಯನವರು ದಿನಾ ಬೆಳಗ್ಗೆ ನವಿಲು ಎಣಿಸಿ ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ನಾನು ಹೋದ ದಿನ '೧೪' ಎಂದು ದುಂಡಗೆ ಬರೆದಿತ್ತು. ಆ ಮನೆಯಲ್ಲಿ ಉಪ್ಪು ಬೇಕಾದರೆ ಎರಡು ಬೆರಳು ಉಜ್ಜಬೇಕು, ನೀರು ಬೇಕಾದರೆ ಅಂಗೈ ಮಡಚಬೇಕು. ಬಳೆಗಾರ ಬೇಲಿಯ ಹೊರಗೆ ನಿಂತು ಬಳೆಗಳನ್ನು ಗೋಣಿಯಲ್ಲಿ ಸುತ್ತಿ ಸದ್ದಾಗದ ಹಾಗೆ ತರುತ್ತಿದ್ದ. ಕೆಮ್ಮು ಬಂದರೆ ಕಂಬಳಿಯೊಳಗೆ ಮುಖ ಹುದುಗಿಸಬೇಕಿತ್ತು. ಅತ್ತೆ ದೊಡ್ಡತಾಯಮ್ಮನವರು ಕೈಬೆರಳಿನಲ್ಲೇ ಇಡೀ ಸಂಸಾರ ನಡೆಸುತ್ತಿದ್ದರು. ಮೂವತ್ತಾರು ವರ್ಷದಿಂದ ಅವರ ದನಿಯನ್ನು ಯಾರೂ ಕೇಳಿಲ್ಲವೆಂದು ಊರಿನಲ್ಲಿ ಅವರನ್ನು ಹೊಗಳುತ್ತಿದ್ದರು.

ಮಾತಾಡಲೇಬೇಕು ಅನ್ನಿಸಿದವರಿಗೆ ಜಾಗವೊಂದಿತ್ತು. ಜಮೀನಿನ ಕೊನೆಯಲ್ಲಿ, ಹುರುಳಿ ಹೊಲ ದಾಟಿದ ಮೇಲೆ, ಹೊಂಗೆಮರದ ಕೆಳಗೆ ಒಂದು ಚಪ್ಪಡಿ. ಅದಕ್ಕೆ ಮಾತಿನ ಕಲ್ಲು ಎಂದು ಹೆಸರು. ಎಲ್ಲ ನವಿಲಿನ ಮನೆಗಳಿಗೂ ಅಂಥದ್ದೊಂದು ಕಲ್ಲಿರುತ್ತದೆ. ಮನೆಗೆ ಕೇಳದಷ್ಟು ದೂರ. ವರ್ಷಕ್ಕೆ ಮೂರೋ ನಾಲ್ಕೋ ಸಲ, ಬೀಜ ಯಾವುದು ಹಾಕುವುದು, ಮದುವೆಗೆ ಯಾರನ್ನು ಕರೆಯುವುದು ಎಂಬಂಥ ದೊಡ್ಡ ವಿಷಯಗಳಿಗೆ ಅಲ್ಲಿಗೆ ಹೋಗುತ್ತಾರೆ.

ನಾವು ದಿನಾ ಹೋದೆವು. ಮಧ್ಯಾಹ್ನದ ಊಟ ಆದಮೇಲೆ ಚೆಲುವಯ್ಯನವರು ನನ್ನ ಕಡೆ ನೋಡಿ ಹೊಲದ ದಿಕ್ಕಿಗೆ ತಲೆಯಾಡಿಸುತ್ತಿದ್ದರು. ಕಲ್ಲಿನ ಮೇಲೆ ಕೂತು, ನನ್ನ ಕಡೆ ಪೂರ್ತಿ ತಿರುಗಿ, "ಈಗ ಹೇಳು," ಎನ್ನುತ್ತಿದ್ದರು. ದಿನಕ್ಕೆ ಅವರು ಆಡುತ್ತಿದ್ದದ್ದು ಆ ಎರಡೇ ಮಾತು. ನಾನು ಹೇಳುತ್ತಿದ್ದೆ. ಗಿನಿಕೋಳಿ ಗಂಡು ಒಂದೇ ಸಮನೆ ಕಿರಿಚುತ್ತದೆ, ಹೇಟೆ ಮಾತ್ರ ಎರಡು ತುಂಡು ಮಾಡಿ ಕೂಗುತ್ತದೆ, ಅದನ್ನು ಕೇಳಿಯೇ ಗಂಡು ಹೆಣ್ಣು ತಿಳಿಯಬೇಕು ಎನ್ನುವುದರಿಂದ ಹಿಡಿದು ನಮ್ಮ ಮಾವ ಜವರಪ್ಪ ತನ್ನ ಮದುವೆಯಲ್ಲೇ ಬೇರೆಯವರ ಹೆಣ್ಣು ಗೊತ್ತುಮಾಡಲು ಎದ್ದುಹೋದದ್ದರವರೆಗೆ. ಅವರು ನಗುತ್ತಿದ್ದರು, ಸದ್ದಿಲ್ಲದೆ, ಹೆಗಲು ಕುಣಿಸಿಕೊಂಡು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಮಾತೆಲ್ಲ ಅಲ್ಲಿ ಖಾಲಿಮಾಡಿ ಬಂದರೆ ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಕಷ್ಟವೇ ಆಗಲಿಲ್ಲ. ಗೆದ್ದೆ ಎಂದುಕೊಂಡೆ.

ಇಪ್ಪತ್ತನೆಯ ದಿನ ಸ್ಲೇಟಿನಲ್ಲಿ '೧೨' ಎಂದಿತ್ತು. ಹಕ್ಕಿ ಅಂದಮೇಲೆ ಒಂದೆರಡು ಅತ್ತಿತ್ತ ಹೋಗುವುದುಂಟು. ಮಾವನವರು ಎರಡು ಸಲ ಎಣಿಸಿ ಸುಮ್ಮನಾದರು. ತಿಂಗಳಿಗೆ '೯' ಆಯಿತು. ಆ ಮಧ್ಯಾಹ್ನ ಕಲ್ಲಿನ ಮೇಲೆ ಕೂತ ಚೆಲುವಯ್ಯನವರು 'ಈಗ ಹೇಳು' ಎನ್ನಲಿಲ್ಲ. ಹೊಂಗೆಯ ಎಲೆಯೊಂದನ್ನು ಕಿತ್ತು ಚೂರುಚೂರು ಮಾಡಿದರು.

"ನೀನು ನಿದ್ದೇಲಿ ಮಾತಾಡ್ತೀಯ," ಎಂದರು ಕೊನೆಗೆ.

ನನಗೆ ನಗು ಬಂತು, ಅವರು ನಗಲಿಲ್ಲ. ದಿನಾ ಮಾತಾಡುತ್ತೇನಂತೆ. ಸ್ಪಷ್ಟವಾಗಿ, ಗಟ್ಟಿಯಾಗಿ, ನಡುನಡುವೆ ನಕ್ಕು. ನವಿಲುಗಳು ಮಲಗುವ ಬೇವಿನಮರ ನಮ್ಮ ಕೋಣೆಯ ಕಿಟಕಿಗೇ ಇತ್ತು. ಎಚ್ಚರವಿರುವ ತನಕ ಬಾಯಿ ನನ್ನ ಮಾತು ಕೇಳುತ್ತಿತ್ತು. ಕಣ್ಣು ಮುಚ್ಚಿದ ಮೇಲೆ ಅದು ತವರಿನ ಒರಳಿನ ಮೇಲೆ ಹೋಗಿ ಕೂರುತ್ತಿತ್ತು.

"ಇಷ್ಟ್ ದಿನ ಯಾಕೆ ಹೇಳ್ಲಿಲ್ಲ ನೀವು?" ಎಂದೆ.

"ಚೆನ್ನಾಗಿತ್ತು," ಎಂದರು ಅವರು, ತಲೆ ತಗ್ಗಿಸಿ. ಆ ಮನುಷ್ಯರ ಮೇಲೆ ಕೋಪಮಾಡಿಕೊಳ್ಳುವುದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವತ್ತಿನಿಂದ ಉಪಾಯಗಳು ಶುರುವಾದವು. ಬಾಯಿಗೆ ವಸ್ತ್ರ ಕಟ್ಟಿಕೊಂಡು ಮಲಗಿದೆ, ಬೆಳಗ್ಗೆ ಅದು ಕಾಲಿನ ಹತ್ತಿರ ಬಿದ್ದಿರುತ್ತಿತ್ತು. ಹೊಟ್ಟೆ ಬಿರಿಯ ಮುದ್ದೆ ತಿಂದರೆ ನಿದ್ದೆ ಗಾಢವಾಗುತ್ತದೆಂದು ತಿಂದೆ. ಮಾತು ಇನ್ನೂ ಗಾಢವಾಯಿತಂತೆ. ದನದ ಕೊಟ್ಟಿಗೆಯಲ್ಲಿ ಮಲಗಿದೆ, ಎಮ್ಮೆ ಹಾಲು ಕೊಡುವುದು ನಿಲ್ಲಿಸಿತು. ಚೆಲುವಯ್ಯನವರು ಕಿಟಕಿಗೆ ಹುಲ್ಲು ತುಂಬಿದರು. ಸ್ಲೇಟಿನಲ್ಲಿ '೯' ಅಳಿಸಿ '೬' ಬಂತು, '೬' ಅಳಿಸಿ '೪' ಬಂತು. ಮಾವನವರು ನನ್ನನ್ನು ಒಂದು ದಿನವೂ ಕೆಟ್ಟ ಕಣ್ಣಿನಿಂದ ನೋಡಲಿಲ್ಲ, ಅದೇ ನನಗೆ ದೊಡ್ಡ ಸಂಕಟ. ಬಳಪ ಹಿಡಿದು ಬೇವಿನಮರದ ಕೆಳಗೆ ಮೇಲೆ ನೋಡುತ್ತ ನಿಂತುಕೊಳ್ಳುತ್ತಿದ್ದರು. ಗರಿ ಕಟ್ಟುವ ದಾರದ ಉಂಡೆ ಜಗಲಿಯ ಮೇಲೆ ಹಾಗೇ ಬಿದ್ದಿರುತ್ತಿತ್ತು.

ಇದು ಸಾಲದು ಎನ್ನುವ ಹಾಗೆ ಒಂದು ದಿನ ಬೆಳಗ್ಗೆ ಎದ್ದು ನೋಡುತ್ತೇನೆ, ಬಾವಿಕಟ್ಟೆಯ ಮೇಲೆ ಕುಂಟಿ. ತವರಿನಿಂದ ಒಂದೂವರೆ ಮೈಲಿ ಕುಂಟಿಕೊಂಡೇ ಬಂದಿತ್ತು, ಜೊತೆಗೊಂದು ಹುಂಜವನ್ನೂ ಕರೆದುಕೊಂಡು. ನಾನು ಹೋದಮೇಲೆ ಅವ್ವ ಸಂಜೆಮಾತಿಗೆ ರಿಟೈರಾದ ಒಬ್ಬ ಬಸ್ ಕಂಡಕ್ಟರನ್ನು ಗೊತ್ತುಮಾಡಿದ್ದಳು. ಆತ ದಿನಾ ಬಂದು ಸ್ಟಾಪುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಹೋಗುತ್ತಿದ್ದನಂತೆ. ಕುಂಟಿಗೆ ಅದು ಹಿಡಿಸಲಿಲ್ಲವೆಂದು ಕಾಣುತ್ತದೆ. ನವಿಲಿನ ಮನೆಗೆ ಗಿನಿಕೋಳಿ ಬಂದು ಸೇರುವುದೆಂದರೆ ಊರಿಗೇ ಡಂಗುರ ಹೊಡೆಸಿದ ಹಾಗೆ. ಕರಿ ಮೈಮೇಲೆ ಬಿಳಿ ಚುಕ್ಕಿಯ ಆ ಎರಡು ಹಕ್ಕಿಯನ್ನು ಬೇಲಿಯಾಚೆ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ಅಟ್ಟಿದೆ, ಮತ್ತೆ ಬಂದವು. ಅತ್ತೆಯವರು ಮಾತ್ರ ನುಚ್ಚಿನ ಬಟ್ಟಲು ತಂದು ಅವುಗಳ ಮುಂದೆ ಇಟ್ಟರು. ಬಂದ ಜೀವಕ್ಕೆ ಕಾಳು ಹಾಕುವುದು ಧರ್ಮ ಎಂದು ಮಾಡಿದ್ದಾರೆ ಅಂದುಕೊಂಡೆ.

ಮೂರು ತಿಂಗಳಿಗೆ ಸ್ಲೇಟಿನಲ್ಲಿ '೧' ಎಂದಾಯಿತು. ಉಳಿದದ್ದು ದೊಡ್ಡಯ್ಯ, ಮನೆಯ ಎಲ್ಲಕ್ಕಿಂತ ಹಿರಿಯ ಗಂಡುನವಿಲು. ಮಾವನವರ ಅಪ್ಪನ ಕೈಯಿಂದ ಕಾಳು ತಿಂದದ್ದು. ಅದು ಹೋದರೆ ಆ ಮನೆ ನವಿಲಿನ ಮನೆಯಲ್ಲ. ಹಾಗೆ ಹೋದ ನವಿಲು ಹೊಸ ಮನೆ ಹಿಡಿಯದೆ ಕುರುಚಲು ಕಾಡಿನಲ್ಲಿ ಸ್ವಲ್ಪ ದಿನ ಕಾಯುತ್ತದೆ, ಮಾತು ನಿಂತರೆ ವಾಪಸು ಬರುತ್ತದೆ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ನಾನು ಆ ದಿನ ಮಧ್ಯಾಹ್ನ ಕಲ್ಲಿನ ಮೇಲೆ ಕೂತು ಗಂಡನಿಗೆ ಹೇಳಿದೆ.

"ನಾನು ಅವ್ವನ ಮನೆಗೆ ಹೋಯ್ತೀನಿ. ಹದಿಮೂರೂ ವಾಪಸ್ ಬತ್ತವೆ. ನೀವು ವಾರಕ್ಕೊಂದ್ ಸಲ ಬಂದು ಈಗ ಹೇಳು ಅನ್ನಿ, ಸಾಕು."

ಅವರು ಎದ್ದು ಹೊಂಗೆಮರದ ಸುತ್ತ ಒಂದು ಸುತ್ತು ಬಂದರು. "ನಾನೂ ಬತ್ತೀನಿ," ಎಂದರು. ಒಬ್ಬನೇ ಮಗ. ಅವರು ಬರುವುದಾಗಲಿ, ನಾನು ಕರೆದುಕೊಂಡು ಹೋಗುವುದಾಗಲಿ ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಅಳು ಬಂತು. ಆ ಕಲ್ಲಿನ ಮೇಲಿಂದ ಕಣ್ಣೊರೆಸಿಕೊಂಡು ಎದ್ದುಬಂದದ್ದು ಅವತ್ತೊಂದೇ ದಿನ.

ಬೆಳಗ್ಗೆ ಬಟ್ಟೆಗಂಟು ಕಟ್ಟಿದೆ. ಕುಂಟಿಯನ್ನೂ ಅದರ ಗಂಡನನ್ನೂ ಬುಟ್ಟಿಯೊಳಗೆ ಮುಚ್ಚಿದೆ. ಮಾವನವರು ಜಗಲಿಯ ಮೇಲೆ ಸ್ಲೇಟು ಹಿಡಿದು ಕೂತಿದ್ದರು, ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟು ಹಾಗೇ ಇಟ್ಟುಕೊಂಡರು. ಅತ್ತೆ ಅಂಗಳದಲ್ಲಿ ಮೊರ ಹಿಡಿದು ನುಚ್ಚು ಕೇರುತ್ತಿದ್ದರು. ಎದುರು ಗೋಡೆಯ ಮೇಲೆ ದೊಡ್ಡಯ್ಯ ನಾಲ್ಕು ಮೊಳದ ಗರಿ ಇಳಿಬಿಟ್ಟುಕೊಂಡು, ಎಂದಿನಂತೆ ಯಾರನ್ನೂ ನೋಡದೆ ಕೂತಿತ್ತು. ನಾನು ಅತ್ತೆಯ ಕಾಲು ಮುಟ್ಟಿ ಎದ್ದು ಬೇಲಿಯ ಕಡೆ ತಿರುಗಿದೆ.

"ಎಲ್ಗೆ ಹೊಂಟೆ?"

ಯಾರು ಎಂದು ನಾನು ಬೇಲಿಯಾಚೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಹಿಂದೆ ತಿರುಗಿದರೆ ಅತ್ತೆ ಮೊರ ಕೆಳಗಿಟ್ಟು ನಿಂತಿದ್ದರು. ದೊಡ್ಡಯ್ಯ ಕತ್ತು ಉದ್ದ ಮಾಡಿತ್ತು. ಮಾವನವರ ಕೈಯಿಂದ ಬಳಪ ಬಿದ್ದು ಎರಡು ತುಂಡಾಯಿತು.

"ಅತ್ತೆ, ನವಿಲು," ಎಂದು ನಾನು ಪಿಸುಗುಟ್ಟಿದೆ.

"ಕಾಣ್ತದೆ ಬುಡು, ನಂಗೂ ಕಣ್ಣವೆ," ಎಂದರು ಅತ್ತೆ. ದನಿ ಬಾವಿಯ ತುಕ್ಕು ಹಿಡಿದ ಗಡಗಡೆಯ ಹಾಗಿತ್ತು, ಆದರೆ ಗಟ್ಟಿಯಾಗಿತ್ತು. "ಹೋದ್ರೆ ಹೋಗ್ಲಿ. ಮೂವತ್ತಾರು ವರ್ಸ ಅದ್ಕೆ ನುಚ್ಚು ಹಾಕಿವ್ನಿ. ಒಂದಿನಾರಾ ನನ್ ಕಡೆ ತಿರುಗಿ ನೋಡೈತಾ? ಗಂಟು ಒಳಕ್ಕಿಡು."

ದೊಡ್ಡಯ್ಯ ರೆಕ್ಕೆ ಬಡಿದು ಗೋಡೆಯಾಚೆ ಹಾರಿತು. ಅತ್ತೆ ಅದು ಹೋದ ದಿಕ್ಕನ್ನು ನೋಡಿದರು. ಆಮೇಲೆ ಬುಟ್ಟಿಯ ಮುಚ್ಚಳ ತಾವೇ ತೆಗೆದರು. ಕುಂಟಿ ಹೊರಗೆ ಬಂದು ಮೈ ಕೊಡವಿ, ಎರಡು ತುಂಡು ಮಾಡಿ ಜೋರಾಗಿ ಕೂಗಿತು. ನಾನು ಗಂಟನ್ನು ಎದೆಗವಚಿಕೊಂಡು ಅಂಗಳದ ನಡುವೆ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಇನ್ನು ಯಾರಿಗೆ ಹೆದರಿ ಮೆಲ್ಲಗೆ ಅಳಬೇಕಿತ್ತು.

ಮಾವನವರು ಎದ್ದು ಬಳಪದ ದೊಡ್ಡ ತುಂಡನ್ನು ಆಯ್ದುಕೊಂಡರು. '೧' ಅಳಿಸಿದರು, '೦' ಬರೆದರು, ಅದನ್ನು ನೋಡಿ ಅದನ್ನೂ ಅಳಿಸಿದರು. ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮದುವೆಯಾದ ಹೊಸದರಲ್ಲಿ ಕೇಳಿದ ದನಿಯನ್ನು ಗುರುತು ಹಿಡಿಯುತ್ತಿದ್ದರೋ ಏನೋ. ಆಮೇಲೆ 'ಕಲ್ಲಿನ ಹತ್ತಿರ ಇರುತ್ತೇನೆ, ಊಟ ಅಲ್ಲಿಗೆ' ಎಂದು ಬರೆದು, ಸ್ಲೇಟನ್ನು ಕಂಕುಳಲ್ಲಿ ಇರುಕಿಕೊಂಡು ಹುರುಳಿ ಹೊಲದ ಕಡೆ ಹೊರಟರು.

ಸಿಟ್ಟುಮಾಡಿಕೊಂಡು ಹೋದರು ಎಂದು ನಾನು ಹೆದರಿದೆ. ಮಧ್ಯಾಹ್ನ ಊಟ ಕೊಂಡುಹೋದ ಚೆಲುವಯ್ಯನವರು ಓಡಿಬಂದು ನನ್ನ ಕೈ ಹಿಡಿದು ಹೊಲದ ಅಂಚಿನವರೆಗೆ ಎಳೆದುಕೊಂಡು ಹೋದರು. ಮಾವನವರು ಮಾತಿನ ಕಲ್ಲಿನ ಮೇಲೆ ತಮ್ಮ ಪಾಡಿಗೆ ಸುಮ್ಮನೆ ಕೂತಿದ್ದರು. ತಲೆಯ ಮೇಲಿನ ಹೊಂಗೆಕೊಂಬೆಯಿಂದ ದೊಡ್ಡಯ್ಯನ ಗರಿ ಇಳಿಬಿದ್ದಿತ್ತು. ಮಾತೆಲ್ಲ ಮನೆಯ ಅಂಗಳಕ್ಕೇ ಬಂದದ್ದರಿಂದ ಇಡೀ ಜಮೀನಿನಲ್ಲಿ ಈಗ ಅದಕ್ಕಿಂತ ಮೌನದ ಜಾಗ ಇರಲಿಲ್ಲ. ಇಷ್ಟು ತಲೆಮಾರು ಎಲ್ಲರೂ ಮಾತನ್ನು ಕಲ್ಲಿನ ಹತ್ತಿರ ಕಳಿಸುತ್ತಿದ್ದರೇ ಹೊರತು ಮೌನವನ್ನು ಕಳಿಸಿ ನೋಡೋಣ ಎಂದು ಯಾರಿಗೂ ಹೊಳೆದಿರಲಿಲ್ಲ. ಒಂದು ವಾರದಲ್ಲಿ ಕುರುಚಲು ಕಾಡಿನಿಂದ ಏಳು ವಾಪಸು ಬಂದವು, ಎರಡು ವಾರಕ್ಕೆ ಹನ್ನೊಂದಾದವು. ಸ್ಲೇಟು ಈಗ ಹೊಂಗೆಮರಕ್ಕೆ ತೂಗಾಡುತ್ತದೆ. ಚೆಲುವಯ್ಯನವರು ಅಪ್ಪನಿಗೆ ಅಲ್ಲೇ ಒಂದು ಗುಡಿಸಲು ಹಾಕಿಕೊಟ್ಟರು. ಅವರು ಬೀಸಣಿಗೆ ಅಲ್ಲೇ ಕಟ್ಟುತ್ತಾರೆ, ರಾತ್ರಿ ಊಟಕ್ಕೆ ಮಾತ್ರ ಮನೆಗೆ ಬಂದು ಹೆಂಡತಿಯ ಮಾತು ಒಂದು ಗಂಟೆ ಕೇಳಿ ಹೋಗುತ್ತಾರೆ.

ಒಂದು ಗಂಟೆ ಎಂದರೆ ಅತ್ತೆಗೆ ಏನೂ ಅಲ್ಲ. ಮೂವತ್ತಾರು ವರ್ಷದ ಮಾತು ಎಂದರೆ ಎಷ್ಟಿರುತ್ತದೆ ಎಂದು ಇವತ್ತಿಗೂ ನನಗೆ ಅಂದಾಜು ಸಿಕ್ಕಿಲ್ಲ. ಮದುವೆಗೆ ತಂದ ಸೀರೆಯ ಬಣ್ಣ ಸರಿಯಿರಲಿಲ್ಲ ಎನ್ನುವುದರಿಂದ ಶುರುಮಾಡಿದರು. ಮೊದಲ ವಾರ ನಾನು ಬಾಯಿಬಿಟ್ಟುಕೊಂಡು ಕೇಳಿದೆ. ಎರಡನೆಯ ವಾರ ನಡುವೆ ಒಂದು ಮಾತು ಸೇರಿಸಲು ನೋಡಿದೆ, ಜಾಗ ಸಿಗಲಿಲ್ಲ. ನಾನು ಮಾತಿನಲ್ಲಿ ಸೋತದ್ದು ಅವರೊಬ್ಬರಿಗೇ. ಒಂದು ಸಂಜೆ ಕುಂಟಿಯೇ ಬೇಸತ್ತು ಮನೆಯ ಹಿಂದಿನ ಮರಕ್ಕೆ ಹೋಗಿ ಮಲಗಿತು. ಮಾತು ಹೆಚ್ಚಾಯಿತೆಂದು ಗಿನಿಕೋಳಿ ಜಾಗ ಬಿಟ್ಟದ್ದನ್ನು ನಮ್ಮೂರಿನಲ್ಲಿ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಒಂದು ಬೆಳಗ್ಗೆ ಅತ್ತೆ ನನ್ನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಮೂಲೆಯ ಬುಟ್ಟಿ ತೋರಿಸಿದರು. ಒಂದು ನಾಟಿಕೋಳಿ ಕಾವು ಕೂತಿತ್ತು. ಗಿನಿಹೇಟೆಗೆ ಮೊಟ್ಟೆ ಇಡುವುದು ಗೊತ್ತು, ಮರಿ ಸಾಕುವುದು ಗೊತ್ತಿಲ್ಲ. ಇಬ್ಬನಿ ಬಿದ್ದ ಹುಲ್ಲಿನಲ್ಲೆಲ್ಲ ಮರಿಗಳನ್ನು ಎಳೆದಾಡಿ ಸಾಯಿಸಿಬಿಡುತ್ತದೆ. ಕುಂಟಿ ಬೇಲಿಯ ಬುಡದಲ್ಲಿ ಇಟ್ಟಿದ್ದ ಆರು ಮೊಟ್ಟೆಯನ್ನು ಅತ್ತೆ ಆಯ್ದು ತಂದು, ಕೊನೆಯ ಹೆಣ್ಣುನವಿಲು ಬಿಟ್ಟುಹೋದ ನಾಲ್ಕು ಮೊಟ್ಟೆಯ ಜೊತೆ ಆ ಕೋಳಿಯ ಕೆಳಗೆ ಇಟ್ಟಿದ್ದರು. ಎರಡಕ್ಕೂ ಕಾವು ಇಪ್ಪತ್ತೆಂಟೇ ದಿನ.

"ಇದನ್ನ ಯಾವಾಗ ಇಟ್ರಿ?" ಎಂದೆ.

"ನೀನು ಗಂಟು ಕಟ್ಟೋಕೆ ಎಂಟ್ ದಿನ ಮುಂಚೆ."

ಮರಿಯಾದಾಗ ಐದು ಗಿನಿ, ಮೂರು ನವಿಲು. ಎಂಟೂ ಒಂದೇ ತಾಯಿಯ ಹಿಂದೆ ಅಂಗಳದಲ್ಲಿ ಓಡಾಡಿದವು. ಮೊಟ್ಟೆಯೊಳಗಿಂದಲೇ ಅತ್ತೆಯ ಮಾತು ಕೇಳಿದ್ದಕ್ಕೋ ಏನೋ, ನವಿಲ ಮರಿಗಳಿಗೆ ನಮ್ಮ ದನಿ ಕೇಳಿದರೆ ಕೋಪವೇ ಬರಲಿಲ್ಲ. ಮಾವನವರು ಕಲ್ಲಿನಿಂದ ಎದ್ದುಬಂದು ಅವುಗಳನ್ನು ಬಹಳ ಹೊತ್ತು ನೋಡಿದರು. ಸ್ಲೇಟಿನಲ್ಲಿ ಹನ್ನೊಂದರ ಪಕ್ಕ ಮೂರು ಬರೆದು, ಅದರ ಮುಂದೆ ದೊಡ್ಡದೊಂದು ಪ್ರಶ್ನೆಯ ಗುರುತು ಹಾಕಿದರು. ಅದು ಇನ್ನೂ ಹಾಗೇ ಇದೆ. ಆ ಮೂರು ಈಗ ಎದೆ ನೀಲಿಯಾಗಿ ಬೆಳೆದಿವೆ, ಸಂಜೆಯಾದರೆ ಗಿನಿಕೋಳಿಗಳ ಜೊತೆ ಸಾಲಾಗಿ ನಮ್ಮ ಮುಂದೆ ನಿಲ್ಲುತ್ತವೆ.

ಹೋದ ತಿಂಗಳು ನನಗೆ ಮತ್ತೆ ಹಲ್ಲು ನೋವು ಬಂತು, ಈ ಸಲ ಬಲಗಡೆ. ಸಂಜೆ ಕೆನ್ನೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಸೊಂಟದ ಚೀಲ ಬಿಚ್ಚಿ ಎರಡು ಲವಂಗ ತೆಗೆದು ನನ್ನ ಅಂಗೈಗೆ ಇಟ್ಟರು.

"ಅವತ್ತು ತಟ್ಟೇಲಿ ಇಟ್ಟಿದ್ದು ಜಗಿದ್ಯಾ ಮಗ?"

"ಇಲ್ಲ ಅತ್ತೆ. ಶಾಸ್ತ್ರ ಅಂತ ದೇವ್ರ ಗೂಡಲ್ಲಿ ಇಟ್ವಿ," ಎಂದೆ. ಹೇಳಿದ ಮೇಲೆ ತಲೆಗೆ ಹೋಯಿತು. "ಅಂದ್ರೆ, ಹಲ್ಲುನೋವು ಅಂತ ನಿಮಗೆ ಅವತ್ತೇ ಗೊತ್ತಿತ್ತಾ?"

"ಕೆನ್ನೆ ಬನ್ನಿನಂಗೆ ಊದ್ಕಂಡಿತ್ತು. ಗೊತ್ತಾಗಕ್ಕೆ ಡಾಕ್ಟ್ರೇ ಬರ್ಬೇಕಾ? ನಿಮ್ಮಾವ ಜವರಪ್ಪನಿಗೆ ಕಣ್ಣು ಬಾಯಲ್ಲೈತೆ, ಅವನ್ಗೆ ಕಾಣ್ಲಿಲ್ಲ."

"ಗೊತ್ತಿದ್ದೂ ಒಪ್ಪಿದ್ರಾ?"

ಅತ್ತೆ ಅಂಗಳದ ಕಡೆ ನೋಡಿದರು. ಗಿನಿಕೋಳಿಗಳೂ ಮೂರು ನವಿಲೂ ಮಾತಿಗಾಗಿ ಕಾಯುತ್ತಿದ್ದವು. "ಕೈ ತೊಳಿಯಾಕೆ ಹಿತ್ಲಿಗೆ ಬಂದಿದ್ನಲ್ಲ, ಆಗ ನೋಡ್ದೆ. ಅಷ್ಟು ನೋವಲ್ಲೂ ಆ ಕುಂಟು ಕೋಳಿ ಕಿವೀಲಿ ಏನೋ ಹೇಳ್ತಾ ಕುಂತಿದ್ದೆ. ನಮ್ಮನೆಗೆ ಇವ್ಳೇ ಬೇಕು ಅನ್ಕಂಡೆ. ಹಲ್ಲು ಎಷ್ಟ್ ದಿನ ನೋಯ್ತದೆ? ಇವತ್ತಲ್ಲ ನಾಳೆ ವಾಸಿ ಆಗ್ಲೇಬೇಕಲ್ಲ."

ಅವರ ಹೆಗಲಿಗೆ ತಲೆಯಾನಿಸಿ ಲವಂಗವನ್ನು ದವಡೆಗೆ ಒತ್ತಿಕೊಂಡೆ. ಅವರು ಗಂಟಲು ಸರಿಮಾಡಿಕೊಂಡು ಮದುವೆ ಸೀರೆಯ ವಿಷಯವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು, ಹಕ್ಕಿಗಳು ಒಂದೊಂದಾಗಿ ಮರ ಹತ್ತಿದವು.